ಬಾಣಂತಿಗೆ ಡಾಂಗ್‌ಗುಯ್ ಬೇರಿನ ಸೂಪ್: ಕುಡಿಯಬಹುದಾ, ಬೇಡವಾ?

ಪ್ರಶ್ನೆ: ಮೇಡಂ, ನಮ್ಮೂರು ಹಾಸನ. ಈಗ ಸಿಂಗಾಪುರದಲ್ಲಿದ್ದೇವೆ. ನನಗೆ 31 ವರ್ಷ. ಮೂರು ವಾರದ ಹಿಂದೆ ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿದೆ. ಹಿಮೋಗ್ಲೋಬಿನ್ 9.4 ಇದೆ, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಆರು ವಾರ ದಿನಾ ಎನೊಕ್ಸಾಪ್ಯಾರಿನ್ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ರಕ್ತಸ್ರಾವ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನಮ್ಮ ಮೇಲಿನ ಮಹಡಿಯ ಚೀನೀ ಆಂಟಿ ತುಂಬಾ ಒಳ್ಳೆಯವರು. ಎರಡು ದಿನಕ್ಕೊಮ್ಮೆ ಫ್ಲಾಸ್ಕಿನಲ್ಲಿ ಕೋಳಿ ಸೂಪ್ ತಂದುಕೊಡುತ್ತಾರೆ. ಅದರಲ್ಲಿ ಡಾಂಗ್‌ಗುಯ್ ಅನ್ನುವ ಬೇರು, ಕೆಂಪು ಖರ್ಜೂರದಂಥ ಹಣ್ಣು, ಸ್ವಲ್ಪ ವೈನ್ ಇರುತ್ತದಂತೆ. "ರಕ್ತ ತುಂಬಿಕೊಳ್ಳುತ್ತೆ, ಗರ್ಭಕೋಶ ಶುದ್ಧಿಯಾಗುತ್ತೆ" ಅಂತಾರೆ. ಊರಿಂದ ಬಂದಿರುವ ಅಮ್ಮ ಮಾತ್ರ "ಅದು ಉಷ್ಣ, ರಕ್ತ ಹೋಗೋದು ಜಾಸ್ತಿ ಆಗುತ್ತೆ, ಮಗುವಿಗೂ ಆಗಲ್ಲ" ಅಂತ ಫ್ಲಾಸ್ಕ್ ತೆಗೆದಿಡ್ತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ. ಮೈಸೂರಿನಲ್ಲಿರುವ ನನ್ನ ಅತ್ತೆಗೆ ಮುಟ್ಟು ನಿಂತು ಮೈ ಬಿಸಿಯಾಗುವ ತೊಂದರೆ ಇದೆ. ಇದೇ ಬೇರಿನ ಕ್ಯಾಪ್ಸೂಲ್ ಆನ್‌ಲೈನಿನಲ್ಲಿ "ಹೆಣ್ಣುಮಕ್ಕಳ ಜಿನ್ಸೆಂಗ್" ಅಂತ ಸಿಗುತ್ತೆ, ತರಿಸಲಾ ಅಂತ ಕೇಳುತ್ತಿದ್ದಾರೆ. ಅವರಿಗೆ ಹೃದಯದ ಕವಾಟ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮಗೆ ಈಗ ಆ ಬೇರು ಬೇಡ. ಇಂಜೆಕ್ಷನ್ ಮುಗಿದು, ರಕ್ತಸ್ರಾವ ಪೂರ್ತಿ ನಿಂತ ಮೇಲೆ, ಅಡುಗೆಯಲ್ಲಿ ಹಾಕುವಷ್ಟು ಪ್ರಮಾಣದಲ್ಲಿ ಆಗಾಗ ಕುಡಿದರೆ ಹೆದರಬೇಕಾದ ವಸ್ತುವೇನಲ್ಲ. ನಿಮ್ಮ ಅತ್ತೆಗೆ ಮಾತ್ರ ಅದು ಈಗಲೂ ಬೇಡ, ಮುಂದೆಯೂ ಬೇಡ. ಕ್ಯಾಪ್ಸೂಲಂತೂ ಖಂಡಿತ ಬೇಡ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ಒಂದು ಔಷಧ ಇನ್ನೊಂದರ ಜೊತೆ ಸೇರಿ ಏನು ಮಾಡುತ್ತದೆ ಅಂತ ನೋಡುವುದೇ ನನ್ನ ಕೆಲಸ. ಹೆರಿಗೆ ವಾರ್ಡಿನಲ್ಲಿ ಬಾಣಂತಿಯರು ಮಾತ್ರೆಗಳ ಪಟ್ಟಿ ಸರಿಯಾಗಿಯೇ ಹೇಳುತ್ತಾರೆ. ಮನೆಯ ಕಷಾಯ, ಲೇಹ್ಯ, ಸೂಪಿನ ಬಗ್ಗೆ ಬಾಯಿ ಬಿಡುವುದಿಲ್ಲ. ಬೈಸಿಕೊಳ್ಳಬೇಕಾಗುತ್ತದೆ ಅನ್ನುವ ಭಯ. ನೀವು ಇಂಜೆಕ್ಷನ್ ಹೆಸರಿನ ಸಮೇತ ಎಲ್ಲವನ್ನೂ ಬರೆದಿದ್ದೀರಿ. ಹಾಗಾಗಿ ನಿಮಗೆ ಸ್ಪಷ್ಟವಾದ ಉತ್ತರ ಕೊಡಲು ಸಾಧ್ಯವಾಗಿದೆ.

ಈ ಬೇರು ಯಾವುದು ಅಂತ ಅಮ್ಮನಿಗೂ ತಿಳಿದರೆ ಒಳ್ಳೆಯದು. ಸಸ್ಯಶಾಸ್ತ್ರದ ಹೆಸರು ಅಂಜೆಲಿಕಾ ಸೈನೆನ್ಸಿಸ್. ಅಂಗಡಿಯ ಪೊಟ್ಟಣಗಳ ಮೇಲೆ ಡಾಂಗ್‌ಗುಯ್, ಡಾಂಗ್ ಕ್ವಾಯ್, ಟಾಂಗ್ ಕುಯ್ ಅಂತ ಬೇರೆ ಬೇರೆ ರೀತಿ ಬರೆದಿರುತ್ತಾರೆ. ಎಲ್ಲವೂ ಒಂದೇ. ಚೀನಾದ ವಾಯವ್ಯದಲ್ಲಿರುವ ಗಾನ್ಸು ಪ್ರಾಂತ್ಯದ ತಂಪು ಬೆಟ್ಟಗಳಲ್ಲಿ, ಸುಮಾರು 2000ದಿಂದ 3000 ಮೀಟರ್ ಎತ್ತರದಲ್ಲಿ ಇದನ್ನು ಬೆಳೆಯುತ್ತಾರೆ. ಅಲ್ಲಿನ ಮಿನ್‌ಷಿಯಾನ್ ಭಾಗದ ಬೇರಿಗೆ ಹೆಸರು ಜಾಸ್ತಿ. ಶರತ್ಕಾಲದ ಕೊನೆಗೆ ಬೇರು ಅಗೆದು, ಕಟ್ಟು ಕಟ್ಟಿ, ಹೊಗೆಯಲ್ಲಿ ನಿಧಾನವಾಗಿ ಒಣಗಿಸುವುದು ಹಳೆಯ ಪದ್ಧತಿ. ಗಿಡ ಹೂ ಬಿಟ್ಟರೆ ಬೇರು ಕಟ್ಟಿಗೆಯಂತಾಗಿ ಔಷಧಕ್ಕೆ ಬರುವುದಿಲ್ಲ. ಅದಕ್ಕೇ ಹೂ ಬಿಡುವ ಮುಂಚೆಯೇ ಅಗೆಯುತ್ತಾರೆ.

ಇದು ಜಿನ್ಸೆಂಗ್ ಅಲ್ಲ, ಜಿನ್ಸೆಂಗಿನ ಹತ್ತಿರದ ನೆಂಟನೂ ಅಲ್ಲ. "ಹೆಣ್ಣುಮಕ್ಕಳ ಜಿನ್ಸೆಂಗ್" ಅನ್ನುವುದು ಮಾರುವವರು ಕಟ್ಟಿದ ಹೆಸರು. ಇದರ ನೆಂಟರೆಲ್ಲ ನಮ್ಮ ಅಡುಗೆಮನೆಯಲ್ಲೇ ಇದ್ದಾರೆ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಇಂಗು, ಕ್ಯಾರೆಟ್ ಎಲ್ಲವೂ ಇದೇ ಕುಟುಂಬದವು. ಬಾಣಂತಿಗೆ ಹಾಲು ಬರಲಿ ಅಂತ ನಮ್ಮಲ್ಲಿ ಕೊಡುವ ಸಬ್ಬಸಿಗೆ ಸೊಪ್ಪು ಕೂಡ ಇದೇ ಕುಟುಂಬದ್ದು. ಹಿಮಾಲಯದ ಕುಮಾವೂ ಕಡೆ ಗಂದ್ರಾಯಣ ಅಂತ ಬೇಳೆಗೆ ಹಾಕುವ ಒಂದು ಬೇರಿದೆ. ಅದೂ ಅಂಜೆಲಿಕಾ ಜಾತಿಯದೇ. ಹಾಗಾಗಿ ಅಮ್ಮನಿಗೆ ಇದು ಎಲ್ಲಿಂದಲೋ ಬಂದ ವಿಚಿತ್ರ ವಸ್ತು ಅಂತ ಅನಿಸಬೇಕಾಗಿಲ್ಲ. 2019ರಲ್ಲಿ ಚೀನಾದ ಆರೋಗ್ಯ ಆಯೋಗ ಡಾಂಗ್‌ಗುಯನ್ನು ಮಸಾಲೆ ಪದಾರ್ಥವಾಗಿ ಬಳಸಬಹುದು ಅಂತ ಆಹಾರದ ಪಟ್ಟಿಗೆ ಸೇರಿಸಿತು. ಅದೇ ಆದೇಶದಲ್ಲಿ ಜೊತೆಗೆ ಸೇರಿದ್ದು ಯಾವುದು ಗೊತ್ತಾ? ಅರಿಶಿನ, ಹಿಪ್ಪಲಿ, ಕೇಸರಿ. ಒಟ್ಟು ಆರರಲ್ಲಿ ಈ ಮೂರೂ ನಮ್ಮ ಮನೆಯವೇ.

ಬಾಣಂತಿಗೂ ಈ ಬೇರಿಗೂ ನಂಟು ತುಂಬಾ ಹಳೆಯದು. ಸುಮಾರು 1800 ವರ್ಷಗಳ ಹಿಂದೆ ಹಾನ್ ವಂಶದ ಕೊನೆಗಾಲದಲ್ಲಿದ್ದ ಜಾಂಗ್ ಜೋಂಗ್‌ಜಿಂಗ್ ಅನ್ನುವ ವೈದ್ಯ, ಹೆರಿಗೆ ನಂತರದ ಹೊಟ್ಟೆನೋವಿಗೆ ಒಂದು ಸಾರು ಬರೆದಿಟ್ಟಿದ್ದಾನೆ. ಮೂರು ಭಾಗ ಡಾಂಗ್‌ಗುಯ್, ಐದು ಭಾಗ ಹಸಿ ಶುಂಠಿ, ಜೊತೆಗೆ ಕುರಿ ಮಾಂಸ. ಬೇರಿಗಿಂತ ಶುಂಠಿಯೇ ಜಾಸ್ತಿ. ನಮ್ಮ ಕಡೆ ಬಾಣಂತಿಗೆ ಮೆಣಸು, ಶುಂಠಿ, ಬೆಳ್ಳುಳ್ಳಿ ಹಾಕಿ ಮಾಡುವ ಸಾರಿನ ಹಿಂದಿರುವ ಯೋಚನೆಯೂ ಅದೇ ಅಲ್ವಾ? ಹೆತ್ತ ಮೈ ತಂಪಾಗಿರುತ್ತದೆ, ಅದಕ್ಕೆ ಬಿಸಿ ಕೊಡಬೇಕು. ಚೀನೀ ವೈದ್ಯರೂ ಡಾಂಗ್‌ಗುಯನ್ನು ಬೆಚ್ಚಗಿನ ಗುಣದ ಬೇರು ಅಂತಲೇ ಹೇಳುತ್ತಾರೆ. ಅಮ್ಮ ಅದನ್ನು ಉಷ್ಣ ಅಂದದ್ದರಲ್ಲಿ ಆಂಟಿಯ ಜೊತೆ ಜಗಳಕ್ಕೆ ಜಾಗವೇ ಇಲ್ಲ. ಆ ಉಷ್ಣ ಈಗ ಬೇಕಾ ಬೇಡವಾ ಅನ್ನುವಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ.

ಈಗ ಆಂಟಿಯ ಮೊದಲ ಮಾತಿಗೆ ಬರೋಣ. "ರಕ್ತ ತುಂಬಿಕೊಳ್ಳುತ್ತೆ." ಚೀನೀ ವೈದ್ಯದಲ್ಲಿ ರಕ್ತ ಅಂದರೆ ಪ್ರಯೋಗಾಲಯದಲ್ಲಿ ಅಳೆಯುವ ಹಿಮೋಗ್ಲೋಬಿನ್ ಮಾತ್ರ ಅಲ್ಲ. ಮುಖ ಬಿಳಿಚಿಕೊಳ್ಳುವುದು, ತಲೆ ಸುತ್ತುವುದು, ನಿದ್ದೆ ಬಾರದಿರುವುದು, ಚರ್ಮ ಒಣಗುವುದು, ಮುಟ್ಟು ಕಡಿಮೆಯಾಗುವುದು, ಇವೆಲ್ಲ ಸೇರಿ ಅವರ ಲೆಕ್ಕದಲ್ಲಿ ರಕ್ತದ ಕೊರತೆ. ಆ ಕೊರತೆಗೆ ಅವರು ಕೊಡುವ ಹೆಸರಾಂತ ಕಷಾಯ ನಾಲ್ಕು ಬೇರುಗಳದ್ದು, ಅದರಲ್ಲಿ ಡಾಂಗ್‌ಗುಯ್ ಒಂದು. ಇನ್ನೊಂದು ಕಷಾಯವನ್ನು 13ನೇ ಶತಮಾನದಲ್ಲಿ ಲಿ ದೋಂಗ್‌ಯುವಾನ್ ಬರೆದ. ಅದರಲ್ಲಿ ಐದು ಭಾಗ ಹುವಾಂಗ್‌ಚಿ ಅನ್ನುವ ಬೇರಿಗೆ ಡಾಂಗ್‌ಗುಯ್ ಒಂದೇ ಭಾಗ. ಹಾಂಗ್‌ಕಾಂಗ್‌ನ ಸಂಶೋಧಕರು ಈ ಐದಕ್ಕೊಂದು ಪ್ರಮಾಣವನ್ನು ಬೇರೆ ಪ್ರಮಾಣಗಳ ಜೊತೆ ಹೋಲಿಸಿ ನೋಡಿದ್ದಾರೆ. ಬೇರಿನ ಸಾರ ಚೆನ್ನಾಗಿ ಬಿಡುವುದು ಹಳೆಯ ಪ್ರಮಾಣದಲ್ಲೇ ಅಂತ ಕಂಡುಬಂತು. ಶತಮಾನಗಳ ಹಿಂದಿನ ಅಡುಗೆಯ ಅಳತೆ ಇವತ್ತಿನ ಪರೀಕ್ಷೆಯಲ್ಲೂ ನಿಂತದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟ ವಿಷಯ.

ಆದರೆ ಅದು ಪ್ರಯೋಗಾಲಯದ ಮಾತು. ನಿಮ್ಮ 9.4 ಅನ್ನುವ ಅಂಕಿ ಈ ಸೂಪಿನಿಂದ ಮೇಲೇರುತ್ತದೆ ಅಂತ ನಂಬಿ ಕೂರುವಷ್ಟು ಆಧಾರ ಇಲ್ಲ. ಹೆರಿಗೆಯಲ್ಲಿ ಹೋದ ರಕ್ತದ ಜೊತೆ ಕಬ್ಬಿಣ ಹೋಗಿದೆ. ಅದು ವಾಪಸ್ ಬರಬೇಕಾದರೆ ಕಬ್ಬಿಣವೇ ಒಳಗೆ ಹೋಗಬೇಕು. ಬೇರಿನ ಎರಡು ಹೋಳಿನಲ್ಲಿ ಅಷ್ಟು ಕಬ್ಬಿಣ ಇಲ್ಲ. ಕೆಂಪು ಖರ್ಜೂರದಲ್ಲೂ ಇಲ್ಲ. ಅದರ ಬಣ್ಣ ಕೆಂಪು ಅಷ್ಟೇ, ನಮ್ಮಲ್ಲಿ ಬೀಟ್‌ರೂಟಿನ ವಿಷಯದಲ್ಲಿ ಆಗಿರುವ ತಪ್ಪು ತಿಳಿವಳಿಕೆ ಇಲ್ಲೂ ಇದೆ. ನಿಮ್ಮ ಕಬ್ಬಿಣದ ಮಾತ್ರೆಯೇ ಇಲ್ಲಿ ಮುಖ್ಯ. ಅದನ್ನು ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ತೆಗೆದುಕೊಳ್ಳಬೇಡಿ. ಎರಡು ಗಂಟೆ ಅಂತರ ಇರಲಿ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯಿಂದ. ಊಟದಲ್ಲಿ ಅಮ್ಮ ಮಾಡುವ ಅಳ್ವಿ ಪಾಯಸ, ಹುರುಳಿ ಸಾರು, ರಾಗಿ ಎಲ್ಲವೂ ಇರಲಿ. ಆಂಟಿಯ ಸೂಪಿನಲ್ಲಿರುವ ಕೋಳಿ ಮಾಂಸವನ್ನೂ ಬಿಡಬೇಡಿ. ಆ ಸೂಪಿನಲ್ಲಿ ನಿಮಗೆ ನಿಜವಾಗಿ ಪುಷ್ಟಿ ಕೊಡುವುದು ಅದೇ.

"ಗರ್ಭಕೋಶ ಶುದ್ಧಿ" ಅನ್ನುವ ಮಾತು ಎರಡೂ ಕಡೆ ಇದೆ. ನಮ್ಮಲ್ಲೂ ಅಜ್ಜಿಯರು "ಕೆಟ್ಟ ರಕ್ತ ಹೋಗಬೇಕು" ಅನ್ನುತ್ತಾರೆ. ಹೆರಿಗೆಯಾದ ಮೇಲೆ ನಾಲ್ಕರಿಂದ ಆರು ವಾರದವರೆಗೆ ಸ್ರಾವ ಹೋಗುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ಆಮೇಲೆ ಹಳದಿ ಮಿಶ್ರಿತ ಬಿಳಿ. ಗರ್ಭಕೋಶ ತಾನಾಗಿಯೇ ಕುಗ್ಗಿ ಇದನ್ನು ಮಾಡಿಕೊಳ್ಳುತ್ತದೆ. ಮಗುವಿಗೆ ಹಾಲು ಕುಡಿಸಿದಾಗ ಕುಗ್ಗುವಿಕೆ ಇನ್ನೂ ಚೆನ್ನಾಗಿ ಆಗುತ್ತದೆ. ಅದಕ್ಕೆ ಬೇರಿನ ಸಹಾಯ ಬೇಕೇಬೇಕು ಅಂತೇನಿಲ್ಲ. ಡಾಂಗ್‌ಗುಯ್ ಬೇರಿನ ಒಂದು ಅಂಶ ಗರ್ಭಕೋಶದ ಸ್ನಾಯುವನ್ನು ಸಡಿಲಗೊಳಿಸುತ್ತದೆ, ಇನ್ನೊಂದು ಅಂಶ ಬಿಗಿಗೊಳಿಸುತ್ತದೆ ಅಂತ ಪ್ರಯೋಗಾಲಯದ ಕೆಲಸಗಳು ತೋರಿಸಿವೆ. ಎಷ್ಟು ಹೊತ್ತು ಕುದಿಸಿದ್ದೀರಿ ಅನ್ನುವುದರ ಮೇಲೆ ಯಾವ ಅಂಶ ಉಳಿಯುತ್ತದೆ ಅನ್ನುವುದು ಬದಲಾಗುತ್ತದೆ. ಇಂಥ ವಸ್ತುವನ್ನು ಹೊಲಿಗೆ ಇನ್ನೂ ಹಸಿಯಾಗಿರುವ ಗರ್ಭಕೋಶದ ಮೇಲೆ ಪರೀಕ್ಷೆ ಮಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಅಮ್ಮನ ಮಾತು. ರಕ್ತ ಹೋಗುವುದು ಜಾಸ್ತಿ ಆಗುತ್ತದೆಯಾ? ಆರೋಗ್ಯವಾಗಿರುವ, ಬೇರೆ ಔಷಧ ಇಲ್ಲದ ಹೆಂಗಸು ಒಂದು ಬಟ್ಟಲು ಸೂಪ್ ಕುಡಿದರೆ ಹಾಗೇನೂ ಆಗುವ ಸಾಧ್ಯತೆ ಕಡಿಮೆ. ನಿಮ್ಮ ವಿಷಯ ಬೇರೆ. ಈ ಬೇರಿನಲ್ಲಿ ಫೆರುಲಿಕ್ ಆಸಿಡ್ ಇದೆ. ಅದು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ನೀವು ಹಾಕಿಕೊಳ್ಳುತ್ತಿರುವ ಇಂಜೆಕ್ಷನ್ ರಕ್ತ ಹೆಪ್ಪುಗಟ್ಟುವ ಕ್ರಿಯೆಯ ಇನ್ನೊಂದು ಹಂತವನ್ನು ತಡೆಯುತ್ತದೆ. ಬಾಗಿಲಿಗೆ ಎರಡು ಕಡೆ ಚಿಲಕ ಇದ್ದಾಗ ಒಂದನ್ನು ವೈದ್ಯರು ಲೆಕ್ಕ ಹಾಕಿ ತೆಗೆದಿದ್ದಾರೆ, ಇನ್ನೊಂದನ್ನು ನೀವು ಲೆಕ್ಕವಿಲ್ಲದೆ ತೆಗೆಯುವ ಹಾಗೆ ಆಗುತ್ತದೆ. ಒಳಗೆ ಹೊಲಿಗೆ ಇದೆ, ಹೊಟ್ಟೆಯ ಮೇಲೂ ಇದೆ, ಸ್ರಾವ ಇನ್ನೂ ನಿಂತಿಲ್ಲ, ಹಿಮೋಗ್ಲೋಬಿನ್ ಮೊದಲೇ ಕಡಿಮೆ. ಹಾಗಾಗಿ ಈ ಒಂದು ವಿಷಯದಲ್ಲಿ ಅಮ್ಮ ಹೇಳಿದ್ದು ಸರಿ. ಇಂಜೆಕ್ಷನ್ ಇಲ್ಲದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಇಲ್ಲಿ ಒಂದು ಮಾತು ತುಂಬಾ ಮುಖ್ಯ. ಸೂಪಿಗೋಸ್ಕರ ಇಂಜೆಕ್ಷನ್ ಬಿಡಬೇಡಿ. "ಬೇರು ರಕ್ತ ಓಡಿಸುತ್ತದಂತೆ, ಹಾಗಾದರೆ ಚುಚ್ಚಿಕೊಳ್ಳುವುದು ಯಾಕೆ" ಅಂತ ಯೋಚಿಸಿ ಸೂಜಿ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಹೆರಿಗೆಯಾದ ಮೊದಲ ಆರು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಸಿಸೇರಿಯನ್ ಆದರೆ ಇನ್ನೂ ಜಾಸ್ತಿ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಯಾವ ಬೇರೂ ಈ ಇಂಜೆಕ್ಷನ್ ಮಾಡುವ ಕೆಲಸ ಮಾಡುವುದಿಲ್ಲ. ಮಗುವಿಗೆ ಹಾಲು ಕುಡಿಸುವವರಿಗೂ ಅದು ಸುರಕ್ಷಿತ. ಇದೇ ಕಾರಣಕ್ಕೆ ನೀರಿನ ವಿಷಯವನ್ನೂ ಹೇಳಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ. ಚೀನೀ ಮನೆಗಳಲ್ಲೂ ಮೊದಲ ತಿಂಗಳು ಬರೀ ನೀರು ಬೇಡ ಅನ್ನುತ್ತಾರೆ, ಬದಲಿಗೆ ಕೆಂಪು ಖರ್ಜೂರದ ಟೀ ಕೊಡುತ್ತಾರೆ. ಬಿಸಿ ನೀರಾದರೂ ಸರಿ, ಜೀರಿಗೆ ನೀರಾದರೂ ಸರಿ, ಬಾಯಾರಿದಾಗೆಲ್ಲ ಕುಡಿಯಿರಿ. ನೀರು ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಲು ದಾರಿ ಮಾಡಿಕೊಟ್ಟ ಹಾಗೆ. ಮನೆಯೊಳಗೇ ಸ್ವಲ್ಪ ಸ್ವಲ್ಪ ಓಡಾಡಿ.

ಹಾಲಿನ ಮೂಲಕ ಮಗುವಿಗೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಅಧ್ಯಯನಗಳು ಇಲ್ಲ. 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ವರದಿ ಬಂತು. ಹೆರಿಗೆಯಾಗಿ ಮೂರು ವಾರವಾಗಿದ್ದ ಬಾಣಂತಿಯೊಬ್ಬರು ಡಾಂಗ್‌ಗುಯ್ ಹಾಕಿದ ಸೂಪ್ ಕುಡಿದ ನಂತರ ತಲೆನೋವು, ವಾಂತಿ ಅಂತ ಆಸ್ಪತ್ರೆಗೆ ಬಂದರು. ಬಿಪಿ 195/85ಕ್ಕೆ ಏರಿತ್ತು. ಅವರ ಹಾಲು ಕುಡಿಯುತ್ತಿದ್ದ ಮಗುವಿನ ಬಿಪಿಯೂ ಏರಿತ್ತು. ಎರಡು ದಿನಗಳಲ್ಲಿ ಇಬ್ಬರದೂ ಇಳಿಯಿತು. ಇದು ಒಂದೇ ಒಂದು ಪ್ರಕರಣ. ಬೇರಿನಿಂದಲೇ ಆಯಿತು ಅಂತ ಅದರಿಂದ ಸಾಬೀತಾಗುವುದಿಲ್ಲ. ಲಕ್ಷಾಂತರ ಚೀನೀ ತಾಯಂದಿರು ಇದನ್ನು ಕುಡಿದು ಮಕ್ಕಳನ್ನು ಬೆಳೆಸಿದ್ದಾರೆ ಅನ್ನುವುದೂ ನಿಜ. ಗರ್ಭಿಣಿಯಾಗಿದ್ದಾಗ ನಿಮಗೆ ಬಿಪಿ ಏರಿದ್ದರೆ ಮಾತ್ರ ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಕುಡಿದ ಮೇಲೆ ಮಗುವಿಗೆ ಭೇದಿ, ಮೈಮೇಲೆ ದದ್ದು, ಅಥವಾ ಯಾವತ್ತೂ ಇಲ್ಲದ ರಂಪ ಕಂಡರೆ ನಿಲ್ಲಿಸಿಬಿಡಿ.

ಸಿಂಗಾಪುರದಲ್ಲಿ ಇರುವವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಅಲ್ಲಿ ಹುವಾಂಗ್‌ಲಿಯಾನ್ ಅನ್ನುವ ಕಹಿ ಬೇರನ್ನು 1978ರಿಂದ ನಿಷೇಧಿಸಿದ್ದರು. ಅದರಲ್ಲಿರುವ ಬರ್ಬೆರಿನ್ ಅಂಶದಿಂದ ಜಿ6ಪಿಡಿ (ಕೆಂಪು ರಕ್ತಕಣ ಒಡೆಯದಂತೆ ಕಾಯುವ ಕಿಣ್ವ) ಕೊರತೆ ಇರುವ ಎಳೆಮಕ್ಕಳಿಗೆ ಕಾಮಾಲೆ ಜೋರಾಗಿ ಮೆದುಳಿಗೆ ಪೆಟ್ಟು ಬೀಳುವ ಭಯವಿತ್ತು. 2013ರಲ್ಲಿ ನಿಷೇಧ ತೆಗೆದರು, ಎಚ್ಚರಿಕೆ ಹಾಗೇ ಉಳಿಯಿತು. ಡಾಂಗ್‌ಗುಯ್ ಬೇರೆ, ಹುವಾಂಗ್‌ಲಿಯಾನ್ ಬೇರೆ. ಆದರೆ ಬಾಣಂತಿಗೆ ಅಂತ ಕಟ್ಟಿಕೊಡುವ ಪೊಟ್ಟಣಗಳಲ್ಲಿ ಹಲವು ಬೇರುಗಳು ಬೆರೆತಿರುತ್ತವೆ. ಒಳಗೆ ಏನೇನಿದೆ ಅಂತ ಆಂಟಿಯನ್ನು ಕೇಳಿ. ಅಲ್ಲಿ ಹುಟ್ಟುವ ಮಕ್ಕಳಿಗೆಲ್ಲ ಜಿ6ಪಿಡಿ ಪರೀಕ್ಷೆ ಮಾಡುತ್ತಾರೆ, ನಿಮ್ಮ ಮಗಳ ಆರೋಗ್ಯದ ಪುಸ್ತಕದಲ್ಲಿ ಫಲಿತಾಂಶ ಬರೆದಿರುತ್ತದೆ, ಒಮ್ಮೆ ನೋಡಿಬಿಡಿ. ಕೊರತೆ ಇದ್ದರೆ ಊರಿಂದ ತಂದ ಮಗುವಿನ ಬಟ್ಟೆಯ ನಡುವೆ ನುಸಿ ಗುಳಿಗೆ ಇಡಲೇಬಾರದು, ಅದೂ ಅಂಥ ಮಕ್ಕಳ ರಕ್ತಕಣ ಒಡೆಸುತ್ತದೆ. ನಮ್ಮವರು ಹಳೆಯ ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಹಾಗೇ ಕೂಸಿಗೆ ಸುತ್ತುವುದನ್ನು ನೋಡಿ ಎಷ್ಟೋ ಸಲ ಎದೆ ಝಲ್ಲೆಂದಿದೆ.

ವೈನ್ ವಿಷಯ ಚಿಕ್ಕದು. ಕುದಿಸಿದರೆ ಮದ್ಯದ ಅಂಶ ಎಲ್ಲ ಹಾರಿಹೋಗುತ್ತದೆ ಅನ್ನುವುದು ತಪ್ಪು. ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿದರೂ ಮೂರರಲ್ಲಿ ಒಂದು ಭಾಗದಷ್ಟು ಉಳಿಯುತ್ತದೆ. ಎರಡೂವರೆ ಗಂಟೆ ಕುದಿಸಿದರೆ ಶೇಕಡಾ 5ರಷ್ಟಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಮೇಲಿಂದ ಸುರಿದರೆ ಬಹುಪಾಲು ಹಾಗೇ ಇರುತ್ತದೆ. ನಿಮ್ಮ ಪಾಲಿಗೆ ವೈನ್ ಹಾಕುವುದು ಬೇಡ ಅಂತ ಹೇಳಿಬಿಡಿ.

ಹಾಗಾದರೆ ಈಗ ಏನು ಮಾಡುವುದು? ಆಂಟಿಯ ಫ್ಲಾಸ್ಕನ್ನು ಪೂರ್ತಿ ನಿರಾಕರಿಸಬೇಡಿ. ಪರದೇಶದಲ್ಲಿ ಬಾಣಂತಿಗೆ ಅಡುಗೆ ಮಾಡಿ ತಂದುಕೊಡುವ ಮನಸ್ಸು ಎಲ್ಲರಿಗೂ ಇರುವುದಿಲ್ಲ. "ಡಾಕ್ಟರ್ ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟಿದ್ದಾರೆ, ಅದು ಮುಗಿಯುವವರೆಗೆ ಡಾಂಗ್‌ಗುಯ್ ಬೇಡ ಅಂದಿದ್ದಾರೆ" ಅಂತ ಹೇಳಿ. ಅವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಚೀನೀ ಸಂಪ್ರದಾಯದಲ್ಲೇ ಡಾಂಗ್‌ಗುಯ್ ರಕ್ತವನ್ನು ಓಡಿಸುವ ಬೇರು, ರಕ್ತಸ್ರಾವ ಜಾಸ್ತಿ ಇದ್ದಾಗ ನೋಡಿ ಕೊಡಬೇಕು ಅನ್ನುವ ನಿಯಮವಿದೆ. ಬೇರಿನ ತಲೆಭಾಗ, ನಡುಭಾಗ, ಬಾಲದ ಭಾಗ ಅಂತ ಬೇರೆ ಮಾಡಿ, ಬಾಲಕ್ಕೆ ರಕ್ತ ಓಡಿಸುವ ಗುಣ ಜಾಸ್ತಿ ಅಂತ ಅವರು ಹೇಳುತ್ತಾ ಬಂದಿದ್ದಾರೆ. ಕೋಳಿ, ಶುಂಠಿ, ಕೆಂಪು ಖರ್ಜೂರ ಹಾಕಿ ಬೇರಿಲ್ಲದೆ ಸೂಪ್ ಮಾಡಿಕೊಡಿ ಅಂತ ಕೇಳಿದರೆ ಖುಷಿಯಿಂದಲೇ ಮಾಡುತ್ತಾರೆ. ಅಂಥ ಸೂಪನ್ನು ಇವತ್ತಿನಿಂದಲೇ ಕುಡಿಯಿರಿ. ಅಮ್ಮನಿಗೂ ಒಂದು ಬಟ್ಟಲು ಕೊಡಿ.

ಇಲ್ಲಿಯವರೆಗೆ ಕುಡಿದದ್ದರ ಬಗ್ಗೆ ಚಿಂತೆ ಬೇಡ. ಫ್ಲಾಸ್ಕಿನ ಪಾಲಿಗೆ ಬಂದಿರುವುದು ಒಂದೆರಡು ಹೋಳಿನ ಸಾರ ಅಷ್ಟೇ. ಔಷಧವಾಗಿ ಕೊಡುವಾಗ ಚೀನಾದ ಔಷಧಕೋಶ ದಿನಕ್ಕೆ 6ರಿಂದ 12 ಗ್ರಾಂ ಅನ್ನುತ್ತದೆ. ಆದರೂ ನಿಮಗೆ ಇಂಜೆಕ್ಷನ್ ಬರೆದ ವೈದ್ಯರಿಗೆ ಇದನ್ನು ತಿಳಿಸಿ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನಷ್ಟು ದೊಡ್ಡ ರಕ್ತದ ಗಡ್ಡೆ ಬಿದ್ದರೆ, ನಿಂತಿದ್ದ ಕೆಂಪು ಸ್ರಾವ ಮತ್ತೆ ಜೋರಾದರೆ, ಜ್ವರ ಅಥವಾ ಕೆಟ್ಟ ವಾಸನೆ ಇದ್ದರೆ, ಒಂದು ಕಾಲಿನ ಮೀನಖಂಡ ಊದಿ ನೋವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಸಿರಾಡಲು ಕಷ್ಟವಾದರೆ, ಎದೆ ನೋವಾದರೆ ಆಂಬುಲೆನ್ಸ್ ಕರೆಯಿರಿ. ವಿಪರೀತ ತಲೆನೋವಿನ ಜೊತೆ ಕಣ್ಣು ಮಂಜಾದರೂ ಕೂಡಲೇ ಹೊರಡಬೇಕು. ಯಾವ ಸೂಪ್ ಕುಡಿದಿದ್ದೀರಿ ಅಂತ ಅಲ್ಲಿ ಮೊದಲೇ ಹೇಳಿ.

ಆರನೇ ವಾರದ ತಪಾಸಣೆ ಮುಗಿದು, ಇಂಜೆಕ್ಷನ್ ನಿಂತು, ಸ್ರಾವವೂ ನಿಂತ ಮೇಲೆ ನಿಮಗೆ ಆಸೆ ಇದ್ದರೆ ಕುಡಿಯಬಹುದು. ಇಡೀ ಪಾತ್ರೆಗೆ ಎರಡು ಮೂರು ತೆಳು ಹೋಳು, ವಾರಕ್ಕೆ ಒಂದೆರಡು ಸಲ ಸಾಕು. ವಾಸನೆ ಜೋರಾಗಿರುತ್ತದೆ, ಸೆಲರಿಯ ಹಾಗೆ, ಸ್ವಲ್ಪ ಸಿಹಿ ಸ್ವಲ್ಪ ಕಹಿ. ಜಾಸ್ತಿ ಹಾಕಿದರೆ ಸೂಪ್ ಬಾಯಿಗೇ ಹಿಡಿಸುವುದಿಲ್ಲ. ಕೊಳ್ಳುವಾಗ ಹೊರಗೆ ಹಳದಿ ಮಿಶ್ರಿತ ಕಂದು, ಒಳಗೆ ಕೆನೆ ಬಣ್ಣ, ಎಣ್ಣೆಯ ಸಣ್ಣ ಚುಕ್ಕೆಗಳು ಇರುವುದನ್ನು ನೋಡಿ. ಕಟ್ಟಿಗೆಯಂತೆ ಒಣಗಿದ್ದು, ಕತ್ತರಿಸಿದ ಕಡೆ ಹಸಿರು ಮಿಶ್ರಿತ ಕಂದು ಆಗಿರುವುದು ಬೇಡ. ತೀರಾ ಬೆಳ್ಳಗಿದ್ದು ಹುಳಿ ವಾಸನೆ ಬಂದರೆ ಗಂಧಕದ ಹೊಗೆ ಹಾಕಿರಬಹುದು, ಅದೂ ಬೇಡ. ಕೊರಿಯಾದ ಡಾಂಗ್‌ಗುಯ್, ಜಪಾನಿನ ತೋಕಿ ಅಂತ ಸಿಗುವವು ಬೇರೆ ಜಾತಿಯ ಅಂಜೆಲಿಕಾಗಳು, ಅವುಗಳ ಗುಣವೂ ಅಷ್ಟೇ ಅಂತ ತಿಳಿಯಬೇಡಿ. ಔಷಧವಾಗಿಯೇ ಬೇಕು ಅನಿಸಿದರೆ ಅಲ್ಲಿ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಚೀನೀ ವೈದ್ಯರಿದ್ದಾರೆ, ಅವರಿಗೆ ನಿಮ್ಮ ಮಾತ್ರೆಗಳ ಪಟ್ಟಿ ತೋರಿಸಿ ಕೇಳಿ. ಮುಂದೆ ಮತ್ತೆ ಗರ್ಭಿಣಿಯಾದರೆ ಮಾತ್ರ ಇದನ್ನು ಮುಟ್ಟಬೇಡಿ.

ಈಗ ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಇದೇ. ಸೂಪಿನಲ್ಲಿ ಬೇರಿನ ಸಾರ ನೀರಾಗಿ ಬರುತ್ತದೆ. ಕ್ಯಾಪ್ಸೂಲಿನಲ್ಲಿ ಬೇರಿನ ಪುಡಿ ಅಥವಾ ಗಟ್ಟಿ ಸಾರ ಪೂರ್ತಿ ಹೊಟ್ಟೆಗೆ ಹೋಗುತ್ತದೆ, ಅದೂ ದಿನಾ. 1999ರಲ್ಲೇ ಇನ್ನೊಂದು ಪ್ರಕರಣ ವರದಿಯಾಯಿತು. ವಾರ್ಫರಿನ್ ತೆಗೆದುಕೊಳ್ಳುತ್ತಾ ಚೆನ್ನಾಗಿದ್ದ 46 ವರ್ಷದ ಹೆಂಗಸೊಬ್ಬರು ಮುಟ್ಟು ನಿಲ್ಲುವ ಕಾಲದ ತೊಂದರೆಗೆ ಅಂತ ಇದೇ ಬೇರಿನ ಮಾತ್ರೆ ಶುರುಮಾಡಿದರು. ಒಂದು ತಿಂಗಳಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) 4.9ಕ್ಕೆ ಹೋಯಿತು. ಬೇರೆ ಯಾವ ಕಾರಣವೂ ಸಿಗಲಿಲ್ಲ. ಬೇರು ನಿಲ್ಲಿಸಿದ ಮೇಲೆ ಮೊದಲಿನಂತಾಗಲು ಇನ್ನೊಂದು ತಿಂಗಳು ಬೇಕಾಯಿತು. ಕೃತಕ ಕವಾಟ ಇರುವವರ ಐಎನ್‌ಆರ್ ಕವಾಟದ ಬಗೆ, ಜಾಗ ನೋಡಿಕೊಂಡು ಸಾಮಾನ್ಯವಾಗಿ 2ರಿಂದ 3 ಅಥವಾ 2.5ರಿಂದ 3.5ರ ಒಳಗೆ ಇರಬೇಕು. ಮೇಲೆ ಹೋದರೆ ಮೆದುಳಿನಲ್ಲಿ, ಹೊಟ್ಟೆಯಲ್ಲಿ ರಕ್ತಸ್ರಾವ. ಆ ಭಯಕ್ಕೆ ಮಾತ್ರೆ ಕಡಿಮೆ ಮಾಡಿದರೆ ಕವಾಟದ ಮೇಲೆ ಹೆಪ್ಪು. ಇಷ್ಟು ಸಣ್ಣ ಅಂಚಿನಲ್ಲಿ ನಡೆಯುತ್ತಿರುವವರಿಗೆ ಇದು ಬೇಡವೇ ಬೇಡ. ನಮ್ಮಲ್ಲಿ ವಾರ್ಫರಿನ್ ಬದಲು ಅಸೆನೊಕೌಮರಾಲ್ ತೆಗೆದುಕೊಳ್ಳುವವರು ತುಂಬಾ ಜನ ಇದ್ದಾರೆ. ಅವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟೆಲ್ಲ ಅಪಾಯ ತೆಗೆದುಕೊಂಡು ಸಿಗುವುದಾದರೂ ಏನು? ಮೈ ಬಿಸಿಯಾಗುವುದಕ್ಕೆ ಈ ಬೇರು ಕೆಲಸ ಮಾಡುತ್ತದೆಯಾ ಅಂತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರಿಯಾದ ಪರೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದರು. ಮುಟ್ಟು ನಿಂತ 71 ಹೆಂಗಸರು, 24 ವಾರ. ಕೆಲವರಿಗೆ ದಿನಕ್ಕೆ 4.5 ಗ್ರಾಂ ಬೇರು, ಉಳಿದವರಿಗೆ ಸುಮ್ನೆ ತೋರಿಕೆಯ ಕ್ಯಾಪ್ಸೂಲ್. ಕೊನೆಗೆ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಚೀನೀ ವೈದ್ಯರು ಇದನ್ನು ಒಂದನ್ನೇ ಕೊಡುವುದಿಲ್ಲ, ಬೇರೆ ಬೇರುಗಳ ಜೊತೆ ಕೊಡುತ್ತಾರೆ ಅನ್ನುವ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಆದರೆ ಅತ್ತೆಯವರು ಕೊಳ್ಳಲು ಹೊರಟಿರುವ ಡಬ್ಬಿಯಲ್ಲಿರುವುದು ಒಂದೇ ಬೇರು. ಇದರಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇದೆ ಅನ್ನುವ ಪ್ರಚಾರಕ್ಕೂ ಆ ಪರೀಕ್ಷೆಯಲ್ಲಿ ಬೆಂಬಲ ಸಿಗಲಿಲ್ಲ, ಗರ್ಭಕೋಶದ ಒಳಪದರ ದಪ್ಪವಾಗಿರಲಿಲ್ಲ. ಹಾಗಂತ ಸ್ತನ ಕ್ಯಾನ್ಸರ್ ಆದವರು ತೆಗೆದುಕೊಳ್ಳಬಹುದು ಅಂತಲ್ಲ. ಪ್ರಯೋಗಾಲಯದಲ್ಲಿ ಆ ಕ್ಯಾನ್ಸರ್‌ನ ಜೀವಕೋಶಗಳು ಇದರಿಂದ ಬೆಳೆದದ್ದು ಕಂಡಿದೆ, ಅವರು ದೂರ ಇರಬೇಕು.

ಮೈ ಬಿಸಿಯಾಗುವುದು ಸಣ್ಣ ತೊಂದರೆ ಅಂತ ನಾನು ಹೇಳುತ್ತಿಲ್ಲ. ರಾತ್ರಿ ನಾಲ್ಕು ಸಲ ಬೆವರಿ ಏಳುವವರಿಗೇ ಅದರ ಕಷ್ಟ ಗೊತ್ತು. ಮನೆಯಲ್ಲಿ ಯಾರಿಗೂ ಹೇಳಿಕೊಳ್ಳಲಾಗದೆ ಹೆಂಗಸರು ಆನ್‌ಲೈನ್ ಡಬ್ಬಿಯ ಮೊರೆ ಹೋಗುತ್ತಾರೆ. ಅವರು ನಿಮ್ಮ ಹತ್ತಿರ ಕೇಳಿದ್ದು ಒಳ್ಳೆಯದಾಯಿತು. ಹಾರ್ಮೋನ್ ಇಲ್ಲದ ಮಾತ್ರೆಗಳೂ ಇದಕ್ಕೆ ಇವೆ. ಅವುಗಳಲ್ಲಿ ಕೆಲವು ವಾರ್ಫರಿನ್ ಜೊತೆ ಹೊಂದುವುದಿಲ್ಲ, ಆದ್ದರಿಂದ ಸ್ತ್ರೀರೋಗ ತಜ್ಞರು ಮತ್ತು ಹೃದಯದ ವೈದ್ಯರು ಇಬ್ಬರಿಗೂ ವಿಷಯ ಗೊತ್ತಿರಬೇಕು. ಇವತ್ತೇ ಫೋನ್ ಮಾಡಿ, ಡಬ್ಬಿ ಆಗಲೇ ಬಂದಿದೆಯಾ, ಒಂದಾದರೂ ನುಂಗಿದ್ದಾರಾ ಅಂತ ಮೆಲ್ಲಗೆ ಕೇಳಿ. ನುಂಗಿದ್ದರೆ ಕ್ಯಾಪ್ಸೂಲ್ ನಿಲ್ಲಿಸಬೇಕು, ವಾರ್ಫರಿನ್ ಪ್ರಮಾಣವನ್ನು ತಾವಾಗಿಯೇ ಬದಲಿಸಬಾರದು. ನಾಳೆಯೇ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು, ವೈದ್ಯರ ಹತ್ತಿರ ಹೋಗುವಾಗ ಡಬ್ಬಿಯನ್ನೂ ತೆಗೆದುಕೊಂಡು ಹೋಗಬೇಕು. ವಸಡಿನಲ್ಲಿ ರಕ್ತ, ಮೂತ್ರ ಕೆಂಪಗಾಗುವುದು, ಮಲ ಕಪ್ಪಾಗುವುದು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ನಾಳೆಯವರೆಗೂ ಕಾಯುವುದು ಬೇಡ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ.